ಆಯಿಯ ನಡಿಗೆ

ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿದರೆ ಏಳುವ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ, ಗೊತ್ತಿಲ್ಲದವರಿಗೆ ವಿವರಿಸಿ ಉಪಯೋಗವಿಲ್ಲ. ಹೋದ ವಾರ ಸೊಲ್ಲಾಪುರದ ನನ್ನ ಬಾಡಿಗೆ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಕೆಳಮನೆಯ ಅಡುಗೆಮನೆಯಿಂದ ಆ ವಾಸನೆ ಬಂತು. ಮನೆ ಒಡತಿಯ ಅತ್ತೆಗೆ ಮೊಣಕಾಲು ನೋವಂತೆ. ಒಡತಿ ಕಿಟಕಿಯಿಂದಲೇ ನಕ್ಕು, "ಕಾಯ್ ಕರಣಾರ್ ಶೈಲಾತಾಯಿ, ಮ್ಹಾತಾರಪಣ" ಎಂದಳು, ಮುಪ್ಪಿಗೆ ಏನು ಮಾಡೋಕಾಗುತ್ತದೆ ಎಂದು. ನಾನೂ ನಕ್ಕು ಮೇಲೆ ಬಂದೆ. ಬಂದವಳು ಕೈಕಾಲು ತೊಳೆಯದೆ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ನಾನು ಬೆಳೆದಷ್ಟು ದಿನ ಈ ವಾಸನೆ ಸಂಜೆ ಸಂಜೆ ಏಳುತ್ತಿತ್ತು. ಯಾಕೆ ಏಳುತ್ತದೆ ಎಂದು ನಾವು ಯಾರೂ ಕೇಳಿರಲಿಲ್ಲ. ಕೇಳಿದ್ದು ಗಂಗಿಯ ಆಪರೇಷನ್ನಿನ ವರ್ಷ, ಅಷ್ಟರಲ್ಲಿ ಉತ್ತರ ಹೇಳಬೇಕಾದವಳು ತೀರಿಕೊಂಡು ಆರೇಳು ವರ್ಷವಾಗಿತ್ತು.

ಆ ವರ್ಷ ಜೂನಿನ ಮಿರಗದ ಮಳೆ ಬರಬೇಕಾದ ಹೊತ್ತಿಗೆ ಬಂದಿತ್ತು, ನನಗೂ ಓದಿದ್ದಕ್ಕೆ ತಕ್ಕ ನೌಕರಿ ಸಿಕ್ಕಿತ್ತು. ನಮ್ಮ ಕಡೆ ಎರಡೂ ಅಪರೂಪವೇ. ಸೊಲ್ಲಾಪುರದ ಒಂದು ಇಂಜಿನಿಯರಿಂಗ್ ಕಾಲೇಜಿನವರು ಎಲುಬಿನ ಡಾಕ್ಟರೊಬ್ಬರ ಜೊತೆ ಸೇರಿ ಸೊಂಟದ ಕೀಲಿನ ಕಂಪ್ಯೂಟರ್ ಮಾದರಿಗಳನ್ನು ಮಾಡುತ್ತಿದ್ದರು. ನನ್ನನ್ನು ಆ ಕೆಲಸಕ್ಕೆ ತೆಗೆದುಕೊಂಡರು. ಮುಂಜಾನೆ ಅಕ್ಕಲಕೋಟೆಯಿಂದ ಬಸ್ಸು, ಸಂಜೆ ವಾಪಸ್ಸು, ಗುರುವಾರವಾದರೆ ಸ್ವಾಮಿಗಳ ದರ್ಶನಕ್ಕೆ ಬಂದವರ ಗಿರ್ದಿಯಲ್ಲಿ ನಿಂತುಕೊಂಡೇ. ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಹಳೆಯ ಜೊತೆಗಾರರು ಸ್ಟ್ಯಾಂಡಿನಲ್ಲಿ ಸಿಕ್ಕರೆ, "ನಮ್ಮ ಹುಡಿಗಿ ಕಂಪ್ಯೂಟರ್‌ನ್ಯಾಗ ಎಲುಬು ತಯಾರ ಮಾಡ್ತಾಳ" ಎಂದು ಎದೆ ಉಬ್ಬಿಸುತ್ತಿದ್ದ. "ಯಾರಿಗಿ?" ಎಂದು ಅವರು ಕೇಳಿದರೆ ಮಾತ್ರ ಮಾತನ್ನು ಬಸ್ಸಿನ ಟೈಮಿನ ಕಡೆ ಹೊರಳಿಸುತ್ತಿದ್ದ.

ಕೆಲಸ ಹೀಗಿತ್ತು. ರೋಗಿಯ ಸ್ಕ್ಯಾನ್ ಬರುತ್ತದೆ, ಸೊಂಟವನ್ನು ಅಡ್ಡಡ್ಡ ತೆಳ್ಳಗೆ ಹೋಳು ಮಾಡಿದಂಥ ಕಪ್ಪುಬಿಳಿ ಚಿತ್ರಗಳು. ಒಂದೊಂದು ಹೋಳಿನಲ್ಲೂ ಎಲುಬು ಎಲ್ಲಿ ಮುಗಿಯಿತು, ಮಾಂಸ ಎಲ್ಲಿ ಶುರುವಾಯಿತು ಎಂದು ಅಂಚು ಗುರುತಿಸಬೇಕು. ಕಂಪ್ಯೂಟರ್ ತಾನೇ ಗುರುತಿಸುತ್ತದೆ, ಆದರೆ ಮಕ್ಕಳ ಎಲುಬು ಇನ್ನೂ ಮೆತ್ತಗಿರುವುದರಿಂದ ಅಲ್ಲಿ ಅದಕ್ಕೆ ದಾರಿ ತಪ್ಪುತ್ತದೆ, ನಾವು ಕೂತು ತಿದ್ದಬೇಕು. ಆಮೇಲೆ ಹೋಳುಗಳನ್ನು ಖಟಕ್ ರೊಟ್ಟಿ ಪೇರಿಸಿದಂತೆ ಒಂದರ ಮೇಲೊಂದು ಪೇರಿಸಿದರೆ ತೊಡೆಯೆಲುಬಿನ ಗುಂಡು, ಅದು ಕೂಡುವ ಬಟ್ಟಲು ಎರಡೂ ತೆರೆಯ ಮೇಲೆ ಎದ್ದು ನಿಲ್ಲುತ್ತವೆ. ಅದರ ಮೇಲೆ ಮನುಷ್ಯನ ಭಾರ ಹೇರಿದರೆ ಎಲ್ಲಿ ಎಷ್ಟು ಒತ್ತುತ್ತದೆ ಎಂದು ಬಣ್ಣದಲ್ಲಿ ಕಾಣುತ್ತದೆ. ನೀಲಿ ಇದ್ದಲ್ಲಿ ಹಗುರ, ಕೆಂಪು ಇದ್ದಲ್ಲಿ ಭಾರ. ನನಗೆ ಈ ಕೆಲಸದ ಹುಚ್ಚೇ ಹಿಡಿಯಿತು. ಬಸ್ಸಿನಲ್ಲಿ ಯಾರಾದರೂ ಹತ್ತಿದರೆ ಮುಖ ನೋಡುವ ಮೊದಲು ಅವರು ಹೇಗೆ ಹೆಜ್ಜೆ ಇಟ್ಟರು ಎಂದು ನೋಡುತ್ತಿದ್ದೆ. ಇಷ್ಟು ಜಾಣೆಗೆ ತನ್ನ ಮನೆಯೊಳಗೆ ಮಾತ್ರ ಏನೂ ಕಾಣಲಿಲ್ಲ.

ಮನೆಯೊಳಗೆ ಗಂಗಿ ಇದ್ದಳು, ಅಣ್ಣನ ಮಗಳು, ಆಗ ಆರು ವರ್ಷದವಳು. ಆದರೆ ಗಂಗಿಯ ಕತೆಯನ್ನು ಆಯಿಯಿಂದಲೇ ಶುರು ಮಾಡಬೇಕು.

ಆಯಿ ಎಂದರೆ ಅಪ್ಪನ ತಾಯಿ, ನಾಗಣಸೂರಿನ ಗಂಗವ್ವ. ಬೆನ್ನು ಬಾಗದ ಎತ್ತರದ ಹೆಂಗಸು. ಎಡಗಾಲು ಊರಿದಾಗ ಅವಳ ಇಡೀ ಮೈ ಎಡಕ್ಕೆ ವಾಲುತ್ತಿತ್ತು, ಮತ್ತೆ ನಿಧಾನ ಮೇಲೆದ್ದು ನೆಟ್ಟಗಾಗುತ್ತಿತ್ತು. ತಲೆಯ ಮೇಲೆ ಕೊಡ ಇದ್ದರೂ ಹಾಗೆಯೇ, ಒಂದು ಹನಿ ಚೆಲ್ಲುತ್ತಿರಲಿಲ್ಲ. ಊರವರು ಅದಕ್ಕೆ ರಾಣಿ ನಡಿಗಿ ಎಂದು ಹೆಸರಿಟ್ಟಿದ್ದರು. ಅಪ್ಪ ನಾಗಣಸೂರಿನ ಬಸ್ಸಿನ ಮೇಲೆ ಇದ್ದಾಗ ಆಯಿ ಹೊಲ ನೋಡಲು ಊರಿಗೆ ಹೋಗಿ ಅಕ್ಕಲಕೋಟೆಯ ಮನೆಗೆ ವಾಪಸ್ಸು ಬರುವುದಿದ್ದರೆ ಬಸ್ಸು ನಿಂತೇ ಇರುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದರೆ ಅಪ್ಪ ಬಾಗಿಲಲ್ಲಿ ನಿಂತು, "ತಡೀರಿ ಸ್ವಲ್ಪ, ರಾಣಿ ಸಾಹೇಬರ ಸವಾರಿ ಬರಾಕತ್ತದ" ಎಂದು ಕೂಗುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ಆಯಿಯೂ ನಗುತ್ತಲೇ ಹತ್ತುತ್ತಿದ್ದಳು. ಹತ್ತಿದ ಮೇಲೆ ಸೀಟಿನಲ್ಲಿ ಕೂರುತ್ತಿರಲಿಲ್ಲ. ಕಂಬಿ ಹಿಡಿದು, "ಇರ್ಲಿ ಬಿಡೋ, ಈಗ ಇಳೀತೀನಲ್ಲ" ಎನ್ನುತ್ತ ಅಕ್ಕಲಕೋಟೆಯ ತನಕ ನಿಂತೇ ಬರುತ್ತಿದ್ದಳು. ಕಂಡಕ್ಟರನ ತಾಯಿ ಅಂತ ಇನ್ನೊಬ್ಬರ ಜಾಗ ಹಿಡಿಯುವವಳಲ್ಲ ನಮ್ಮವ್ವ ಎಂದು ಅಪ್ಪ ಇದನ್ನು ನೂರು ಜನರಿಗೆ ಹೇಳಿರಬೇಕು.

ಆಯಿ ಹೋಗಿ ವರ್ಷ ತುಂಬುವುದರೊಳಗೆ ಅಣ್ಣನಿಗೆ ಹೆಣ್ಣು ಹುಟ್ಟಿತು. ಹೋದವರ ಹೆಸರನ್ನು ಬಂದವರಿಗೆ ಇಡುವುದು ನಮ್ಮಲ್ಲಿ ವಾಡಿಕೆ. ತೊಟ್ಟಿಲಲ್ಲಿ ಗಂಗಾ ಎಂದು ಕರೆದರು, ಮನೆಯಲ್ಲಿ ಗಂಗಿಯಾದಳು, ಅಪ್ಪನಿಗೆ ಮಾತ್ರ ಅವ್ವ. ಹಾಗೆ ಹೆಸರಿಟ್ಟ ಮಗುವನ್ನು ಬೈಯುವಂತಿಲ್ಲ, ಹೊಡೆಯುವುದಂತೂ ದೂರದ ಮಾತು. ಅವಳ ತಾಯಿ, ನನ್ನ ವೈನಿ, ಸಿಟ್ಟಿಗೆದ್ದು ಕೈ ಎತ್ತಿದರೆ ಅಪ್ಪ, "ನಮ್ಮವ್ವಗ ಹೊಡೀತಿಯೇನು?" ಎಂದು ನಡುವೆ ಬರುತ್ತಿದ್ದ. ಗಂಗಿ ಅವನ ಧೋತರದ ಹಿಂದಿನಿಂದ ತಾಯಿಗೆ ನಾಲಿಗೆ ತೋರಿಸುತ್ತಿದ್ದಳು.

ಹುಡುಗಿ ನಡೆಯಲು ತಡ ಮಾಡಿದಳು. ಕಡೆಗೊಂದು ದಿನ ಪಡಸಾಲೆಯಲ್ಲಿ ಗೋಡೆ ಬಿಟ್ಟು ಹೆಜ್ಜೆ ಹಾಕಿದಳು. ಎಡಗಾಲು ಊರಿದಾಗ ಮೈ ಎಡಕ್ಕೆ ವಾಲಿತು, ಮತ್ತೆ ನಿಧಾನ ಮೇಲೆದ್ದಿತು. ಚಹಾ ಕುಡಿಯುತ್ತಿದ್ದ ಅಪ್ಪ ಬಸಿ ಕೆಳಗಿಟ್ಟು ಎದ್ದೇಬಿಟ್ಟ.

"ನೋಡ್ರಿ, ನೋಡ್ರಿ! ನಮ್ಮವ್ವನ ನಡಗಿ! ಹೊಳ್ಳಿ ಬಂದಾಳ!"

ಅವನು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಕಣ್ಣು ಒರೆಸಿಕೊಂಡು ಪೇಟೆಗೆ ಹೋಗಿ ಪೇಢೆ ತಂದು ಓಣಿಗೆಲ್ಲ ಹಂಚಿದ. ಕುಂಟುವ ಮಗುವಿಗೆ ಪೇಢೆ ಹಂಚಿದ ಮನೆ ಇಡೀ ತಾಲೂಕಿನಲ್ಲಿ ನಮ್ಮದೊಂದೇ ಇರಬೇಕು. ಆ ಪೇಢೆಯನ್ನು ನಾನೂ ಬಾಯಿ ಚಪ್ಪರಿಸಿ ತಿಂದಿದ್ದೇನೆ.

ವೈನಿ ಮಂದ್ರೂಪದವಳು, ಮಾತು ಕಡಿಮೆ. ಅವಳು ಒಮ್ಮೆ, "ಮಾವಾರ, ಕೂಸು ಒಂದ ಕಡಿ ವಾಲ್ತದಲ್ರಿ, ದವಾಖಾನಿಗೆ ತೋರಸೂಣೇನ್ರಿ?" ಎಂದಳು. "ನೀ ಬರೂದ್ರಾಗ ನಮ್ಮವ್ವ ಹಾಸಿಗಿ ಹಿಡದಿದ್ಲು, ಆಕಿ ನಡಗಿ ನೀ ಎಲ್ಲಿ ನೋಡೀದಿ?" ಎಂದು ಅಪ್ಪ ನಕ್ಕುಬಿಟ್ಟ. ನಾವೆಲ್ಲರೂ ನಕ್ಕೆವು. ವೈನಿ ಮತ್ತೆ ಆ ಮಾತು ಎತ್ತಲಿಲ್ಲ. ಬೀಗರು ಬಂದರೆ, ನೆರೆಯವರು ಬಂದರೆ, "ನಡದು ತೋರಸ ಅವ್ವಾ" ಎಂದು ಅಪ್ಪ ಗಂಗಿಯನ್ನು ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಡೆಸುತ್ತಿದ್ದ. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಮೊದಲ ಪಗಾರದಲ್ಲಿ ಹೊಸ ಫೋನ್ ತಗೊಂಡಾಗ ನಾನು ತೆಗೆದ ಮೊದಲ ವಿಡಿಯೋ ಅದೇ. "ಆಯಿ ರಿಟರ್ನ್ಸ್" ಎಂದು ಬರೆದು ಮನೆಯವರ ಗುಂಪಿಗೆ ಹಾಕಿದೆ, ಪುಣೆಯ ಚಿಕ್ಕಪ್ಪನ ಮಕ್ಕಳೆಲ್ಲ ನಗುವ ಮುಖಗಳನ್ನು ಕಳಿಸಿದರು.

ಶ್ರಾವಣದ ಶುರುವಿನಲ್ಲಿ ಬೋರಾಮಣಿಯ ಒಬ್ಬ ಹೆಂಗಸಿನ ಸ್ಕ್ಯಾನ್ ಬಂತು, ಹೊಲದ ಕೂಲಿಗೆ ಹೋಗುವವಳು. ಡಾಕ್ಟರು ಅವಳು ನಡೆಯುವ ವಿಡಿಯೋವನ್ನು ದೊಡ್ಡ ತೆರೆಯ ಮೇಲೆ ಹಾಕಿದರು. ಗುರುತು ಸಿಗಬಾರದೆಂದು ಸೊಂಟದಿಂದ ಕೆಳಗೆ ಮಾತ್ರ ತೆಗೆದಿದ್ದರು. ಎಡಗಾಲು ಊರಿತು, ಸೊಂಟ ವಾಲಿತು, ಮತ್ತೆ ನಿಧಾನ ಮೇಲೆದ್ದಿತು. ಡಾಕ್ಟರು ವಿವರಿಸುತ್ತಿದ್ದರು: ಬಟ್ಟಲು ಹುಟ್ಟಿನಿಂದಲೇ ಆಳವಿಲ್ಲ, ಗುಂಡು ಪೂರ್ತಿ ಮುಚ್ಚಿಕೊಂಡಿಲ್ಲ, ಮೈಯನ್ನು ಆ ಕಡೆ ವಾಲಿಸಿದರೆ ಕೀಲಿನ ಮೇಲಿನ ಭಾರ ಸ್ವಲ್ಪ ಇಳಿಯುತ್ತದೆ, ಅದಕ್ಕೇ ವಾಲುತ್ತಾರೆ, ಹೆಣ್ಣುಮಕ್ಕಳಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ಇಳಿದು ಬರುತ್ತದೆ. ನಾನು ತೆರೆಯನ್ನೇ ನೋಡುತ್ತಿದ್ದೆ. ಆ ಸೊಂಟದ ಮೇಲೆ ಆಯಿಯ ಮುಖ ಇಟ್ಟರೂ ಕೂಡುತ್ತಿತ್ತು, ಗಂಗಿಯ ಮುಖ ಇಟ್ಟರೂ ಕೂಡುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಸಂಜೆ ಮನೆಗೆ ಬಂದವಳು ನೇರ ಒಲೆಯ ಹತ್ತಿರ ಹೋದೆ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು. ಹಂಚಿನ ಮೇಲೆ ಸೀದುಹೋದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, "ನಾ ಅಂದಿದ್ದೆ" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರ ಹತ್ತಿರ ಮನೆ ಮಂದಿಯೆಲ್ಲ ಹೋದೆವು, ಅಮ್ಮನೊಬ್ಬಳು ಬರಲಿಲ್ಲ. ಡಾಕ್ಟರು ನಡೆದು ತೋರಿಸು ಎಂದ ಕೂಡಲೇ ಗಂಗಿ ಕೈ ಬೀಸಿಕೊಂಡು ತನ್ನ ಪೂರ್ತಿ ಪ್ರದರ್ಶನ ಶುರು ಮಾಡಿದಳು, ಅವಳಿಗೆ ಅದೇ ಅಭ್ಯಾಸ. ಡಾಕ್ಟರು ತಲೆಯಾಡಿಸಿ, ಯಾರೂ ನೋಡದಿದ್ದಾಗ ಹೇಗೆ ನಡೆಯುತ್ತಾಳೆ, ಮನೆಯಲ್ಲಿ ತೆಗೆದ ವಿಡಿಯೋ ಏನಾದರೂ ಇದೆಯೇ ಎಂದು ಕೇಳಿದರು. ನನ್ನ ಫೋನಿನಲ್ಲಿ ಇದ್ದದ್ದು ಒಂದೇ. ಕೊಟ್ಟೆ.

ಆ ಸಣ್ಣ ಕೋಣೆಯಲ್ಲಿ ಅಪ್ಪನ ಧ್ವನಿ ತುಂಬಿಕೊಂಡಿತು. "ನಡಿ ಅವ್ವಾ, ನಡಿ! ರಾಣಿ ನಡಗಿ ತೋರಸು! ವಾಹ್ ರೆ ವಾಹ್! ಮತ್ತೊಮ್ಮಿ ಅವ್ವಾ, ಮತ್ತೊಮ್ಮಿ!" ಚಪ್ಪಾಳೆ. ಎಲ್ಲರ ನಗು. ಎಲ್ಲಕ್ಕಿಂತ ಜೋರು ನನ್ನದು, ಫೋನು ನನ್ನ ಕೈಯಲ್ಲೇ ಇತ್ತಲ್ಲ. ಡಾಕ್ಟರು ಧ್ವನಿ ತೆಗೆದು ಇನ್ನೊಮ್ಮೆ ನೋಡಿದರು. ನಾವೂ ನೋಡಿದೆವು. ಧ್ವನಿ ಇಲ್ಲದಾಗ ಅದು ಬರೀ ಕುಂಟುತ್ತಿರುವ ಒಂದು ಮಗು. ಅಪ್ಪ ಮುಖ ತಿರುಗಿಸಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ.

"ಬಾಬಾ, ಆತಾ ಉಶೀರ್ ಕರೂ ನಕಾ" ಎಂದರು ಡಾಕ್ಟರು, ಇನ್ನು ತಡ ಮಾಡಬೇಡಿ ಎಂದು. ಬಟ್ಟಲಿನ ಮೇಲಿನ ಎಲುಬನ್ನು ಕತ್ತರಿಸಿ ಬಟ್ಟಲನ್ನು ಮುಂದಕ್ಕೆ ಬಾಗಿಸಿ ಗುಂಡಿನ ಮೇಲೆ ಕೂರಿಸಬೇಕು. ಈ ಚಳಿಗಾಲದಲ್ಲಿ ಮಾಡಿದರೆ ಬೆಳೆಯುವ ಎಲುಬು ಹೇಳಿದ ಮಾತು ಕೇಳುತ್ತದೆ. ದೊಡ್ಡವಳಾದ ಮೇಲೆ ಕೇಳುವುದಿಲ್ಲ, ಆಗ ಶುರುವಾಗುವುದು ನೋವು.

ಹೊರಗೆ ಬಂದ ಮೇಲೆ ಅಪ್ಪ ಸಿಡಿದ. "ನೋವಂತ ನೋವು! ನಮ್ಮವ್ವ ಎಂಬತ್ತು ವರ್ಷ ಇದ ಕಾಲಿಲೆ ನಡದಾಳ. ನೀರು ಹೊತ್ತಾಳ, ಕಣಕಿ ಹೊತ್ತಾಳ. ಒಂದ ದಿವಸ ನೋವು ಅಂದಿಲ್ಲ. ಅಂಥಾ ಕಾಲು ಕೊಯ್ಯಾಕ ಕೊಡ್ತೀರೇನು?"

ಅಣ್ಣ ಟಾವೆಲ್ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಮಾತಿನ ಮಲ್ಲ, ಅಪ್ಪನ ಮುಂದೆ ಬಾಯಿ ಬಿಡುವವನಲ್ಲ. ಗಣಪತಿ ಬಂದು ಹೋದ, ನವರಾತ್ರಿ ಬಂತು. ಮನೆಯಲ್ಲಿ ಎಲ್ಲರೂ ಎಲ್ಲದರ ಬಗ್ಗೆ ಮಾತಾಡುತ್ತಿದ್ದೆವು, ಅದೊಂದು ಬಿಟ್ಟು. ಗಂಗಿ ಮಾತ್ರ ಮೊದಲಿನಂತೆ ವಾಲುತ್ತ ಓಡಾಡಿಕೊಂಡಿದ್ದಳು. ಅಪ್ಪನಿಗೆ ಅವಳ ಕಾಲಿನ ಮೇಲೆ ಹಟವಿರಲಿಲ್ಲ, ಆ ನಡಿಗೆ ಹೋದರೆ ಅವನ ತಾಯಿ ಎರಡನೇ ಸಲ ಹೋಗುತ್ತಾಳೆಂಬ ಭಯ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬಾಯಿ ಬಿಡಲು ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ನಾನು ಬಸ್ಸಿಗೆ ಹೊರಟಾಗ ವೈನಿ ಬಾಗಿಲ ತನಕ ಬಂದಳು. "ಶೈಲಾ, ಮಾವಾರು ನನ್ನ ಮಾತು ಕೇಳಂಗಿಲ್ಲ, ಡಾಕ್ಟರ್ ಮಾತೂ ಕೇಳಂಗಿಲ್ಲ. ನಿಮ್ಮ ಮಷೀನ್ ಒಮ್ಮಿ ತೋರಸ್ರಿ. ಕಣ್ಣಿಲೆ ನೋಡಿದ್ರ ಕೇಳ್ತಾರೇನೋ." ಅವಳು ಬೇಡಿದ್ದು ಅದೊಂದೇ ಸಲ.

ಅಪ್ಪ ಬಂದ. ಇಸ್ತ್ರಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು, ಮಗಳ ಆಫೀಸು ನೋಡುವ ಹುರುಪಿನಲ್ಲಿ. ಕುರ್ಚಿಯ ತುದಿಯಲ್ಲಿ ಕೂತ. ಪರೀಕ್ಷೆಯ ದಿನವೇ ಡಾಕ್ಟರು ತೆಗೆಸಿದ್ದ ಸ್ಕ್ಯಾನಿನಿಂದ ನಾನು ಗಂಗಿಯ ಕೀಲನ್ನು ತೆರೆಯ ಮೇಲೆ ಎಬ್ಬಿಸಿದೆ. ಅವನಿಗೆ ಗುಂಡು ಬಟ್ಟಲು ಹೇಳಿದರೆ ತಲೆಗೆ ಹತ್ತಲಿಲ್ಲ. "ಅಪ್ಪ, ತಲಿ ಮ್ಯಾಲ ಕೊಡ ಇಡೂ ಮುಂದ ಸಿಂಬಿ ಇಡ್ತಾರಲ್ಲ. ಸಿಂಬಿ ಸಣ್ಣದಾಗಿ ಓರೆ ಕುಂತ್ರ ಏನಾಗ್ತದ?" ಎಂದೆ.

"ಕೊಡ ಜಾರ್ತದ. ಇಲ್ಲಾ ಒಂದ ಕಡಿ ಒತ್ತತದ."

"ಹಂಗ ಇದು."

ಅವನು ತುಸು ಹೊತ್ತು ನೋಡಿದ. ಆಮೇಲೆ ಕೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. "ಇದಕ್ಕ ನಮ್ಮವ್ವನ ಭಾರ ಹಾಕಾಕ ಬರ್ತದೇನು? ಹಾಕು. ಆಕಿಗೆ ಏನೂ ಆಗಿಲ್ಲ ಅಂಬೂದು ನಿನಗ ತಿಳೀಲಿ."

ಇದು ಆಯಿಯ ಎಲುಬಲ್ಲ, ಗಂಗಿಯದು, ದೊಡ್ಡದು ಮಾಡಿ ನೋಡಿದರೂ ಅಂದಾಜು ಅಷ್ಟೇ ಎಂದೆ. "ಅಂದಾಜರೆ ನೋಡೂಣು" ಎಂದ. ಆಕಾರವನ್ನು ದೊಡ್ಡವರ ಅಳತೆಗೆ ಬೆಳೆಸಿದೆ. ಆಯಿ ಎಷ್ಟು ತೂಗುತ್ತಿದ್ದಳೆಂದು ಅವನೇ ಹೇಳಿದ. ಒಂಟಿಗಾಲಿನ ಮೇಲೆ ನಿಲ್ಲಿಸಿದೆ. "ತಲಿ ಮ್ಯಾಲ ಕೊಡ ಹಾಕು" ಎಂದ. ಹಾಕಿದೆ. ಯಂತ್ರ ಲೆಕ್ಕ ಮುಗಿಸಿತು. ಬಟ್ಟಲಿನ ಬಹುಪಾಲು ನೀಲಿಯಾಗಿಯೇ ಉಳಿಯಿತು, ಭಾರವೆಲ್ಲ ಹೋಗಿ ಮೇಲಿನ ಅಂಚಿನಲ್ಲಿ ಒಂದು ಕಿರಿದಾದ ಕೆಂಪು ಪಟ್ಟಿಯಾಗಿ ನಿಂತಿತು.

"ಕೆಂಪು ಅಂದ್ರ?"

"ಎಲ್ಲಾ ಭಾರ ಅಲ್ಲೇ ಬಿದ್ದದಪ್ಪ."

"ನೋವು?"

"ಮಷೀನಿಗೆ ನೋವು ತಿಳಿಯಂಗಿಲ್ಲ. ಭಾರ ಅಷ್ಟ ತಿಳೀತದ."

ಅವನು ಬೆರಳು ಚಾಚಿ ಆ ಕೆಂಪನ್ನು ಮುಟ್ಟಿದ, ತೆರೆಯ ಮೇಲೆ ಬೆರಳಿನ ಗುರುತು ಉಳಿಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಜಾಗ ಖಾಲಿ ಇತ್ತು, ಆದರೂ ಅಪ್ಪ ಕೂರಲಿಲ್ಲ. ಕಂಬಿ ಹಿಡಿದು ಅಕ್ಕಲಕೋಟೆಯ ತನಕ ನಿಂತೇ ಬಂದ. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಮನೆಗೆ ಬಂದವನು ಟೋಪಿ ತೆಗೆಯದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಅಮ್ಮ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

"ಏ, ನಮ್ಮವ್ವಗ ನೋವಿತ್ತೇನು?"

ಅಮ್ಮ ತಲೆ ಎತ್ತಲಿಲ್ಲ. ಸೊಪ್ಪಿನ ಒಂದು ಕಟ್ಟು ಮುಗಿಸಿದಳು. "ಇತ್ರಿ" ಎಂದಳು.

"ಯಾವಾಗಿಂದ?"

"ನಾ ಸೊಸಿಯಾಗಿ ಬಂದಾಗಿಂದ ಇತ್ತು. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು. ದಿನಾ ಸಂಜಿಕಿ ಎಕ್ಕಿ ಎಲಿ ಕಾಸಿ ಟೊಂಕಕ್ಕ ಕಟ್ಟತಿದ್ದೆ. ಯಾರರ ಕೇಳಿದ್ರ ವಾಯು ಅನ್ನು ಅಂದಿದ್ರು. ನೀವು ಕೇಳಲೇ ಇಲ್ಲ."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಬಸ್ಸಿನ್ಯಾಗ ಕುಂತ್ರ ಏಳಾಕ ಬರ್ತಿರಲಿಲ್ರಿ ಅವರಿಗೆ. ಮಂದಿ ಮುಂದ ಮಗ ಎಬ್ಬಸಬೇಕಾಗ್ತದ ಅಂತ ನಿಂತ ಬರ್ತಿದ್ರು. ನೀವು ರಾಣಿ ಸಾಹೇಬರು ಅಂತಿದ್ರಿ. ನಿಮ್ಮ ನಗಿ ನೋಡಿ ಅವರೂ ನಗತಿದ್ರು." ಅಮ್ಮ ಸೊಪ್ಪು ಬದಿಗೆ ಸರಿಸಿದಳು. "ನಾನೂ ಪಾಪಿನೇ. ಗಂಗಿ ಮೊದಲ್ನೇ ಹೆಜ್ಜಿ ಇಟ್ಟಾಗ ನನ್ನ ಎದಿ ಧಸ್ಸಂದಿತ್ತು. ಬಾಯಿ ಬಿಡಬೇಕು ಅನ್ನೂದ್ರಾಗ ನೀವು ಪೇಢೆ ತಂದಿದ್ರಿ."

ಅಪ್ಪ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಗಂಗಿ ಎಂದಿನಂತೆ ವಾಲುತ್ತ ಅವನ ಕಡೆ ಓಡಿದಳು. ಅವನು ಅವಳನ್ನು ಮಧ್ಯದಲ್ಲೇ ಎತ್ತಿಕೊಂಡುಬಿಟ್ಟ. ಮರುದಿನ ಮುಂಜಾನೆ ಚಹಾಕ್ಕಿಂತ ಮೊದಲು ಅಣ್ಣನಿಗೆ, "ಡಾಕ್ಟರ್‌ಗೆ ಫೋನ್ ಹಚ್ಚು" ಎಂದ.

ಆಪರೇಷನ್ನಿಗೆ ಮೊದಲು ಬಟ್ಟಲನ್ನು ಎಷ್ಟು ಬಾಗಿಸಿದರೆ ಒತ್ತಡ ಸಮನಾಗಿ ಹರಡುತ್ತದೆ ಎಂದು ಡಾಕ್ಟರು ಮತ್ತು ನಾನು ಮಾದರಿಯಲ್ಲಿ ನೋಡಿದೆವು. ಎಷ್ಟೋ ಜನರ ಎಲುಬಿನ ಅಂಚನ್ನು ಹಾಡು ಗುನುಗುತ್ತ ತಿದ್ದಿದ್ದವಳು ನಾನು. ಈ ಒಂದರಲ್ಲಿ ಹೋಳು ಹೋಳನ್ನೂ ಅಳಿಸಿ ಮತ್ತೆ ಮತ್ತೆ ತಿದ್ದುತ್ತಿದ್ದೆ. ಇಷ್ಟು ಹತ್ತಿರದಿಂದ ಈಗ ನೋಡುತ್ತಿದ್ದೇನೆ, ಮೊದಲೇ ಬರೀ ಕಣ್ಣಿನಿಂದ ಯಾಕೆ ನೋಡಲಿಲ್ಲ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ, ರಸ್ತೆಯ ತುಂಬ ಕಬ್ಬಿನ ಟ್ರಾಕ್ಟರುಗಳು ಓಡಾಡುವ ಕಾಲದಲ್ಲಿ ಆಪರೇಷನ್ ಆಯಿತು. ಸುಸೂತ್ರವಾಯಿತು. ಎದೆಯ ಕೆಳಗಿನಿಂದ ಪಾದದ ತನಕ ಪ್ಲಾಸ್ಟರ್ ಹಾಕಿ, ಕಾಲು ಅಗಲಿಸಿ ನಡುವೆ ಒಂದು ಕೋಲು ಕಟ್ಟಿ ಗಂಗಿಯನ್ನು ಮನೆಗೆ ಕಳಿಸಿದರು. ಪಡಸಾಲೆಯಲ್ಲಿ ಅವಳ ಹಾಸಿಗೆ, ಮನೆಯೆಲ್ಲ ಹಸಿ ಸುಣ್ಣದಂಥ ವಾಸನೆ. ಅಪ್ಪ ಅವಳ ಪಕ್ಕ ಬಿಟ್ಟು ಏಳಲಿಲ್ಲ. ಮಗ್ಗುಲು ಹೊರಳಿಸುವುದು, ಬೆನ್ನು ಕೆರೆಯಲು ರೊಟ್ಟಿ ಮಗುಚುವ ಸೌಟು ಕೊಡುವುದು, ಎಲ್ಲ ಅವನೇ. ನಾಗಣಸೂರಿನಿಂದ ಎಳೆಯ ಜೋಳದ ತೆನೆ ತಂದು ಹಿತ್ತಲಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಸೀತನಿಯನ್ನು ಊದಿ ಊದಿ ಬಾಯಿಗೆ ಹಾಕುತ್ತಿದ್ದ. ಆದರೆ ನಗುವುದನ್ನು ಬಿಟ್ಟಿದ್ದ. ಅವ್ವಾ ಎಂದು ಕರೆಯುವುದನ್ನೂ ಬಿಟ್ಟಿದ್ದ. ಶಾಲೆಯ ಮಾಸ್ತರರ ಹಾಗೆ "ಗಂಗಾ" ಎನ್ನುತ್ತಿದ್ದ. ಆ ಹೆಸರು ಹಿಡಿಯಲು ತನಗೆ ಯೋಗ್ಯತೆ ಇಲ್ಲ ಎಂದುಕೊಂಡಿದ್ದನೋ ಏನೋ, ನಾವು ಕೇಳಲಿಲ್ಲ. ಕೇಳದಿರುವುದು ನಮ್ಮ ಮನೆಯ ಹಳೆಯ ರೋಗ.

ಸಂಕ್ರಮಣ ಕಳೆದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಕಾಲು ಕಡ್ಡಿಯಾಗಿತ್ತು. ವ್ಯಾಯಾಮ, ಕೋಲು, ಗೋಡೆ ಎಲ್ಲ ದಾಟಿ ಯುಗಾದಿಯ ಹೊತ್ತಿಗೆ ಹುಡುಗಿ ಬಿಡುಗೈಯಲ್ಲಿ ನಡೆದಳು. ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಏಕದಂ ಸೀದಾ ಎಂದು ಮೆಚ್ಚಿದರು. ಮನೆಗೆ ಬಂದರೆ ಗಂಗಿ ವಾಲುತ್ತಿದ್ದಳು. ಎಡಗಾಲು ಊರಿದರೆ ಮೈ ಎಡಕ್ಕೆ, ಅದೇ ರಾಣಿ ನಡಿಗೆ. ಮತ್ತೆ ಎಕ್ಸ್‌ರೇ, ಸ್ಕ್ಯಾನ್ ಎರಡೂ ತೆಗೆಸಿದೆವು, ಡಾಕ್ಟರು ಎಲುಬಿನಲ್ಲಿ ಏನೂ ತಪ್ಪಿಲ್ಲ, ಆದರೆ ಈ ಚಾಳಿ ಬಿಡಿಸಿ, ಸ್ನಾಯು ಹಾಗೇ ಕಲಿತುಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದರು. ನಾನೂ ಮಾದರಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬಟ್ಟಲು ಸರಿ ಇತ್ತು, ಗುಂಡು ಸರಿ ಇತ್ತು, ಎಲ್ಲ ನೀಲಿ. ಕುಂಟಲು ಕಾರಣವೇ ಇರಲಿಲ್ಲ.

ಕಾರಣ ಸಿಕ್ಕಿದ್ದು ಮಾಳಿಗೆಯ ಮೇಲೆ, ಬಟ್ಟೆ ಒಣಹಾಕುವಾಗ. ಕೆಳಗೆ ಅಂಗಳದಲ್ಲಿ ಗಂಗಿ ಒಬ್ಬಳೇ ಆಡುತ್ತ ತುಳಸಿಕಟ್ಟೆಯ ತನಕ ನಡೆದಳು, ನೆಟ್ಟಗೆ, ಬಾಣದಂತೆ. ಅಷ್ಟರಲ್ಲಿ ಹೊರಬಾಗಿಲಲ್ಲಿ ಅಪ್ಪ ಕೆಮ್ಮಿದ ಸಪ್ಪಳ ಕೇಳಿತು. ಹುಡುಗಿ ನಿಂತಳು, ಲಂಗ ಸರಿಪಡಿಸಿಕೊಂಡಳು, ವಾಲಿದಳು. ವಾಲುತ್ತ ಅವನೆದುರು ಹೋಗಿ ಅವನ ಮುಖವನ್ನೇ ನೋಡಿದಳು. ಅಪ್ಪ ತಲೆ ತಗ್ಗಿಸಿ ಒಳಗೆ ಹೋದ.

ನಾನು ಕೆಳಗಿಳಿದು ಬಂದು ಅವಳನ್ನು ಹತ್ತಿರ ಕೂರಿಸಿಕೊಂಡೆ. "ಸೀದಾ ನಡೀಲಿಕ್ಕ ಬರ್ತದಲ್ಲ ನಿನಗ, ಮತ್ಯಾಕ ಹಂಗ ನಡೀತಿ?"

"ಮುತ್ಯಾಗ ಸೇರ್ತದ." ಮುತ್ಯಾ ಎಂದರೆ ಅವಳಿಗೆ ಅಜ್ಜ. "ಈಗ ಮುತ್ಯಾ ನಗಂಗಿಲ್ಲ ಅತ್ತಿ. ಚಪ್ಪಾಳಿ ಹೊಡ್ಯಂಗಿಲ್ಲ. ಅವ್ವಾ ಅನ್ನಂಗಿಲ್ಲ. ನಾ ಮೊದಲಿಗಿಂತ ಚಲೋ ಮಾಡಾಕತ್ತೀನಿ, ಆದ್ರೂ ನಗಂಗಿಲ್ಲ."

ಹುಟ್ಟಿನ ದೋಷಕ್ಕೆ ನಾವು ಹೊಣೆಯಲ್ಲ ಎಂದು ಡಾಕ್ಟರು ಎಷ್ಟೋ ಸಲ ಸಮಾಧಾನ ಹೇಳಿದ್ದರು. ಇದಕ್ಕೆ ಯಾರು ಹೊಣೆ? ಪ್ರೀತಿ ಬೇಕಾದರೆ ಕುಂಟಬೇಕು ಎಂದು ಆ ಮಗುವಿಗೆ ಕಲಿಸಿದವರು ನಾವೇ. ಒಳಗೆ ಹೋಗಿ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಅಪ್ಪನಿಗೆ ಹೇಳಿದೆ. ಅವನು ಗೋಡೆಗೆ ಒರಗಿ ಕೇಳಿದ. ಪೂರ್ತಿ ಕೇಳಿ, ಮುಖ ತೊಳೆದುಕೊಂಡು, ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಕೂತ.

ಬಿಸಿಲು ಇಳಿದಿತ್ತು. ಅಮ್ಮ, ವೈನಿ ಬಾಗಿಲಿಗೆ ಬಂದು ನಿಂತರು. ಗಂಗಿ ತುಳಸಿಕಟ್ಟೆಯ ಹತ್ತಿರದಿಂದ ಅವನನ್ನು ನೋಡಿ ವಾಲಲು ಶುರು ಮಾಡಿದಳು.

"ಅವ್ವಾ" ಎಂದ ಅಪ್ಪ.

ಎಷ್ಟೋ ತಿಂಗಳ ಮೇಲೆ ಆ ಹೆಸರು. ಹುಡುಗಿ ವಾಲಿದವಳು ಹಾಗೇ ನಿಂತಳು.

"ಹಂಗ ಬ್ಯಾಡವ್ವಾ. ಸೀದಾ ನಡಿ." ಅವನು ಕಟ್ಟೆಯ ತುದಿಗೆ ಸರಿದು ಕೂತ. "ನೀ ಸೀದಾ ನಡದದ್ದು ನಾ ಒಂದ ದಿವಸನೂ ನೋಡಿಲ್ಲ. ನನ್ನ ಕಣ್ಣಿಗೆ ಒಮ್ಮಿ ತೋರಸು."

ಗಂಗಿ ತಾಯಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಅವನ ಮೇಲೆ ಕಣ್ಣಿಟ್ಟು ನಡೆದಳು. ಎಡಗಾಲು ಊರಿತು, ಮೈ ವಾಲಲಿಲ್ಲ. ಬಲಗಾಲು. ಮತ್ತೆ ಎಡಗಾಲು. ಕಟ್ಟೆಯ ತನಕ ಬಂದು ಅವನ ಮೊಣಕಾಲು ಹಿಡಿದು ನಿಂತಳು. ಅಪ್ಪ ಚಪ್ಪಾಳೆ ಹೊಡೆಯಲೆಂದು ಎರಡೂ ಕೈ ಎತ್ತಿದ. ಕೈಗಳು ಒಂದಕ್ಕೊಂದು ಕೂಡಿದವು, ಸಪ್ಪಳ ಮಾಡಲಿಲ್ಲ, ಹಾಗೇ ಜೋಡಿಕೊಂಡೇ ಉಳಿದವು.

"ಮತ್ತೊಮ್ಮಿ ಅವ್ವಾ" ಎಂದ.